ವಾಪಸು ಬಂದರೆ ಎಂದು ಕೇಳಿದ ಮಗಳಿಗೆ

ಬಲ್ಮಠ, ಮಂಗಳೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರ ಕೈಸೇರಿತು. ಝಾರ್ಖಂಡಿನ ಆಸ್ಪತ್ರೆಗೆ ನೀನು ಮಿಷನ್ ನರ್ಸಾಗಿ ಹೊರಟಿರುವುದು, ಬಿಡಲಿರುವ ಬೆಂಗಳೂರಿನ ಕೆಲಸ, ನಿನ್ನ ಅಮ್ಮ ಮೂರು ದಿನ ಮಾತು ಬಿಟ್ಟದ್ದು, ಇವೆಲ್ಲ ನಿನ್ನ ಅಪ್ಪನ ಫೋನಿನಲ್ಲಿ ನಾಲ್ಕು ಸಲ ಕೇಳಿಯಾಗಿದೆ. ಆ ಸುದ್ದಿಗೆ ಹೋಗುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಕಾಗದದ ತುದಿಯಲ್ಲಿ, ಸಹಿಯ ಕೆಳಗೆ, ಜಾಗ ಸಾಲದೆ ಓರೆಯಾಗಿ ಬರೆದ ಒಂದು ಸಾಲು: "ಅರ್ಧಕ್ಕೇ ವಾಪಸು ಬಂದರೆ ಯಾವ ಮುಖ ಹೊತ್ತು ಸಭೆಯಲ್ಲಿ ಕೂರಲಿ, ದೊಡ್ಡಪ್ಪ?"

ಇದನ್ನು ನಮ್ಮ ಚರ್ಚಿನ ಪಾದ್ರಿ ಅಯ್ಯನವರನ್ನು ಕೇಳಬಹುದಿತ್ತು. ನಿನ್ನನ್ನು ಕಳುಹಿಸುವ ಸಂಸ್ಥೆಯವರನ್ನು ಕೇಳಬಹುದಿತ್ತು. ನನ್ನನ್ನೇ ಕೇಳಿದ್ದೀಯೆ. ನಾನು ವಾಪಸು ಬಂದವನು, ಮುಖ ಹೊತ್ತು ಕೂತವನು, ಎಂಬುದಕ್ಕೇ ಕೇಳಿದ್ದೀಯೆ ಎಂದುಕೊಂಡಿದ್ದೇನೆ.

ಮಿಷನರಿಯಾಗಿ ಹೋದ ಒಡಿಶಾದ ಕೋರಾಪುಟಿನಲ್ಲಿ ನನಗೆ ಮಲೇರಿಯಾ ಬಂದ ಕಥೆ ನಿಮ್ಮೆಲ್ಲರಿಗೆ ಬಾಯಿಪಾಠ. ಆ ಕಥೆಯಲ್ಲಿ ಮಲೇರಿಯಾ ನಿಜ. ವಾಪಸು ಬಂದದ್ದೂ ನಿಜ. ಅದರಿಂದಾಗಿ ಇದಾಯಿತು ಎಂಬುದು ಮಾತ್ರ ಸುಳ್ಳು. ಜ್ವರ ಎರಡು ಸಲ ಬಂತು, ಎರಡು ಸಲವೂ ಕ್ಲೋರೋಕ್ವಿನ್ ನುಂಗಿ ಎದ್ದೆ. ಬಸ್ಸು ಹತ್ತಿದ ದಿನ ನನ್ನ ಮೈ ತಣ್ಣಗಿತ್ತು.

1978ರಲ್ಲಿ ನನಗೆ ಇಪ್ಪತ್ತನಾಲ್ಕು. ಮದ್ರಾಸಿನವರೆಗೆ ಒಂದು ರೈಲು, ಅಲ್ಲಿಂದ ವಿಜಯನಗರಂವರೆಗೆ ಇನ್ನೊಂದು, ಆಮೇಲೆ ಸಾಲೂರಿನ ಘಾಟಿ ಹತ್ತುವ ಬಸ್ಸು. ಬೀಳ್ಕೊಡುವ ದಿನ ಅಯ್ಯನವರು ಪ್ರಸಂಗಕ್ಕೆ ತೆಗೆದುಕೊಂಡಿದ್ದು ಲೂಕ 9:62. ನೇಗಿಲಿನ ಮೇಲೆ ಕೈಯಿಟ್ಟು ಹಿಂದಕ್ಕೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಎಂಬ ವಾಕ್ಯ. ನನ್ನ ಅವ್ವ ಮುಂದಿನ ಸಾಲಿನಲ್ಲಿ ಕೂತು ಅಳುತ್ತಿದ್ದಳು. ನಾನು ಅತ್ತ ನೋಡಲಿಲ್ಲ. ನೋಡಿದರೆ ಅದೂ ಹಿಂದಕ್ಕೆ ನೋಡಿದ ಲೆಕ್ಕವಾದೀತೆಂದು ಹೆದರಿದ್ದೆ. ನಗಬೇಡ, ಆ ವಯಸ್ಸಿನ ಭಕ್ತಿ ಹಾಗೆ.

ಅಲ್ಲಿ ಹನ್ನೆರಡು ಮಕ್ಕಳಿಗೆ ಜಗುಲಿಯಲ್ಲಿ ಪಾಠ. ಒಡಿಯಾ ಅಕ್ಷರಗಳನ್ನು ಅವರ ಜೊತೆಗೇ ನಾನೂ ಕಲಿತೆ. ನಮ್ಮ ಅಕ್ಷರಗಳಿಗೆ ಛತ್ರಿ ಹಿಡಿಸಿದಂತೆ ಕಾಣುತ್ತವೆ. ರಾಗಿಗೆ ಅವರು ಮಂಡಿಯಾ ಎನ್ನುತ್ತಾರೆ, ಅದರ ಅಂಬಲಿಗೆ ಪೇಜ್. ನಮ್ಮ ಕೊಂಕಣಿಯವರು ಗಂಜಿಗೆ ಹೇಳುವ ಅದೇ ಶಬ್ದ! ಮೊದಲ ಸಲ ಕೇಳಿದಾಗ ಕಣ್ಣಲ್ಲಿ ನೀರು ಬಂತು. ಅದನ್ನು ದಿನಾ ಅಲ್ಯುಮಿನಿಯಂ ಬಟ್ಟಲಲ್ಲಿ ತಂದುಕೊಡುತ್ತಿದ್ದ ಹೆಂಗಸೊಬ್ಬಳು, ಬಟ್ಟಲು ಕೈಗಿಡುತ್ತಲೇ ಒಂದು ದಿನ ಕೇಳಿದಳು: ನೀನು ಯಾವಾಗ ಹೋಗುತ್ತೀ? ನಿಷ್ಠುರವಾಗಿ ಕೇಳಿದ್ದಲ್ಲ, ಮಳೆ ಯಾವಾಗ ಬರುತ್ತದೆ ಎಂದು ಕೇಳುವ ಹಾಗೆ. ಬಂದವರೆಲ್ಲ ಹೋಗಿದ್ದರು. ನಾನು, ಹೋಗುವುದೇ ಇಲ್ಲ ಎಂದೆ.

ಅದಾದ ನಾಲ್ಕು ತಿಂಗಳಿಗೆ ಹೊರಟೆ.

ಏನಾಯಿತು ಎಂದರೆ, ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಅವ್ವ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಿದ್ದಳು. ಭರಣಿಗೆ ಸುತ್ತಿದ್ದ ಕನ್ನಡ ಪತ್ರಿಕೆಯ ಹಾಳೆಯನ್ನು ಒಣಗಿಸಿ ಇಟ್ಟುಕೊಂಡೆ. ರಾತ್ರಿ ಲಾಟೀನಿನ ಬೆಳಕಿಗೆ ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಅರ್ಧ ಸುದ್ದಿ ಎಣ್ಣೆ ಕುಡಿದು ಹೋಗಿತ್ತು. ಉಳಿದದ್ದು ಹಂಪನಕಟ್ಟೆಯ ಬಟ್ಟೆ ಅಂಗಡಿಯ ಜಾಹೀರಾತು. ಸೀರೆ, ಪಂಚೆ, ಶರ್ಟಿನ ಬಟ್ಟೆ, ದರ ಸಮೇತ. ಕೀರ್ತನೆ ಓದಿದರೆ ಬಾರದ ಅಳು ಪಂಚೆಯ ದರ ಓದಿದರೆ ಬರುತ್ತಿತ್ತು. ಒಂಟಿತನಕ್ಕೆ ಕಾಯಿಲೆಯ ಹೆಸರಿಲ್ಲ ನೋಡು, ಯಾವ ಡಾಕ್ಟರೂ ಚೀಟಿ ಬರೆದುಕೊಡುವುದಿಲ್ಲ. ಹಳೆಯ ಜ್ವರದ ಚೀಟಿ ಇತ್ತು. ಅದನ್ನೇ ತೋರಿಸಿ, ಬೆಳಗಿನ ಜಾವದ ಬಸ್ಸು ಹತ್ತಿದೆ. ಮಕ್ಕಳು ಬರುವ ಮೊದಲು.

ಇಲ್ಲಿ ನನ್ನನ್ನು ಯಾರೂ ಬೈಯಲಿಲ್ಲ. ಅದೇ ಕಷ್ಟವಾಯಿತು. ಬದುಕಿ ಬಂದನೆಂದು ಸಭೆಯಲ್ಲಿ ಸ್ತೋತ್ರದ ಪ್ರಾರ್ಥನೆ ಮಾಡಿದರು, ಮನೆಮನೆಯಿಂದ ಗಂಜಿ ಬಂತು. ಮಿಷನ್ ಭಾನುವಾರ ಬಂದಾಗೆಲ್ಲ, ಮಿಷನರಿಯಾಗಿ ಪ್ರಾಣ ಪಣಕ್ಕಿಟ್ಟವರು ಎಂದು ನನ್ನನ್ನೇ ಸಾಕ್ಷಿ ಹೇಳಲು ಎಬ್ಬಿಸುತ್ತಾರೆ. ನಾನು ಎದ್ದು ಜ್ವರದ ಕಥೆ ಹೇಳುತ್ತೇನೆ. ದೊಡ್ಡಮ್ಮ ಇಂದಿಗೂ ಏನೂ ಕೇಳಿಲ್ಲ. ಆದರೆ ನಾನು ಸಾಕ್ಷಿ ಹೇಳುವಾಗ ಅವಳು ಗೀತಪುಸ್ತಕದ ಪುಟ ತಿರುವುತ್ತಿರುತ್ತಾಳೆ.

ಹಾಗಾಗಿ ಯಾವ ಮುಖ ಎಂದು ಕೇಳಿದೆಯಲ್ಲ, ವಾಪಸು ಬಂದ ಮುಖವನ್ನು ಹೇಗೋ ಹೊರಬಹುದು ಮಗಳೇ. ನಾನು ಹೊತ್ತದ್ದು ಬೇರೆಯದು.

ನಾವು ಮಂಗಳೂರಿನವರು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಹೆಸರೆತ್ತಿದರೆ ಎದೆಯುಬ್ಬಿಸುತ್ತೇವೆ. ಅವರಲ್ಲಿ ವಾಪಸು ಹೋದವರೆಷ್ಟು ಎಂದು ಸಂಡೇಸ್ಕೂಲಿನಲ್ಲಿ ಹೇಳಿಕೊಡುವುದಿಲ್ಲ. 1834ರಲ್ಲಿ ಬಂದ ಮೊದಲ ಮೂವರಲ್ಲಿ ಒಬ್ಬರಾದ ಹೆಬಿಕರು 1859ರಲ್ಲಿ ಆರೋಗ್ಯ ಕೆಟ್ಟು ಹೋದವರು ಮತ್ತೆ ಬರಲಿಲ್ಲ. 'ಮಂಗಳೂರ ಸಮಾಚಾರ' ತೆಗೆದ ಮೊಗ್ಲಿಂಗರು ಹೆಂಡತಿಯ ಕಾಯಿಲೆಯಿಂದ 1860ರಲ್ಲಿ ಹೊರಟರು, ಅವರೂ ಬರಲಿಲ್ಲ. ಕಿಟೆಲರು 1877ರಲ್ಲಿ ಜರ್ಮನಿಗೆ ಹೋಗಿ, 1883ರಲ್ಲಿ ನಿಘಂಟಿಗಾಗಿ ಮತ್ತೆ ಬಂದು, 1892ರಲ್ಲಿ ಕೊನೆಯದಾಗಿ ಹೋದರು. ನಿಘಂಟು ಇಲ್ಲಿ ಅಚ್ಚಾದದ್ದು 1894ರಲ್ಲಿ. ನನ್ನ ಹನ್ನೊಂದು ತಿಂಗಳನ್ನು ಇವರ ಪಕ್ಕ ಇಡುತ್ತಿಲ್ಲ, ಅಷ್ಟು ಮೂರ್ಖನಲ್ಲ. ಹೋಗುವುದೆಂದರೆ ಅಲ್ಲೇ ಮಣ್ಣಾಗುವುದು ಎಂದು ಯಾರೋ ನಿನ್ನ ತಲೆಗೆ ತುಂಬಿದ್ದಾರಲ್ಲ, ಅದಕ್ಕೆ ಹೇಳಿದೆ. ತುಂಬಿದವರಲ್ಲಿ ನಾನೂ ಒಬ್ಬನಿರಬೇಕು.

ತ್ಯಾಗದ ಮಾತು ಬಂದಾಗ ನನಗೆ ಆ ಮಿಷನರಿಗಳ ಮಕ್ಕಳು ನೆನಪಾಗುತ್ತಾರೆ. ಇನ್ನೂ ಚಿಕ್ಕವರಿರುವಾಗಲೇ ಹಡಗು ಹತ್ತಿಸಿ ಬಾಸೆಲ್ಲಿನ ಮಕ್ಕಳ ಮನೆಗೆ ಓದಲು ಕಳಿಸುತ್ತಿದ್ದರು. ಅಪ್ಪ ಅಮ್ಮನ ಮುಖ ಮತ್ತೆ ಕಾಣುವುದು ಎಷ್ಟೋ ವರ್ಷಗಳ ಮೇಲೆ. ಕರೆ ಬಂದದ್ದು ಅಪ್ಪನಿಗೆ, ತೆತ್ತದ್ದು ಮಗು. ನಿನ್ನ ಅಮ್ಮ ಮಾತು ಬಿಟ್ಟದ್ದಕ್ಕೆ ಬೇಸರಪಡಬೇಡ. ಅವಳನ್ನು ಯಾರೂ ಕರೆದಿಲ್ಲ, ಆದರೂ ಅವಳು ಕೊಡಬೇಕಾಗಿದೆ.

ಸಭೆಯ ಹಣ ತಿಂದು ಬಂದಳು ಎನ್ನುತ್ತಾರೆ ಎಂದೂ ಬರೆದಿದ್ದೀಯೆ. ಅದೇ ಭಯ, ಬೇರೆ ಅಂಗಿ ತೊಟ್ಟಿದೆ. ಮಿಜೋರಾಮಿನಲ್ಲಿ ಅಡಿಗೆಗೆ ಅಕ್ಕಿ ಅಳೆಯುವಾಗ ಪ್ರತಿ ಹೊತ್ತೂ ಒಂದು ಹಿಡಿ ಸಭೆಗೆಂದು ತೆಗೆದಿಡುತ್ತಾರೆ. ಅದನ್ನು ಮಾರಿ ಬಂದ ಹಣದಲ್ಲಿ ಸುವಾರ್ತಿಕರನ್ನು ಸಾಕುತ್ತಾರೆ. ತೆಗೆದಿಟ್ಟವಳು ಅದನ್ನು ನಿನಗೆ ಸಾಲ ಕೊಟ್ಟಿಲ್ಲ. ದೇವರಿಗೆ ಕೊಟ್ಟು ಒಲೆಯ ಕಡೆ ತಿರುಗಿದ್ದಾಳೆ. ಹೀಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಒಮ್ಮೊಮ್ಮೆ ನಂಬುತ್ತೇನೆ.

ಬೈಬಲಿನ ಮಾರ್ಕನನ್ನು ನೋಡು. ಸುವಾರ್ತೆ ಸಾರುವ ಪ್ರಯಾಣದ ನಡುವೆ, ಪಂಫುಲ್ಯದಲ್ಲಿ, ಪೌಲ ಬಾರ್ನಬರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದ ಹುಡುಗ. ಏಕೆ ಎಂದು ಅಪೊಸ್ತಲರ ಕೃತ್ಯಗಳಲ್ಲಿ ಒಂದು ಅಕ್ಷರವಿಲ್ಲ. ಆ ಮೌನ ನನಗೆ ಇಷ್ಟ. ಎರಡನೆಯ ಪ್ರಯಾಣಕ್ಕೆ ಅವನನ್ನು ಕರೆದೊಯ್ಯುವುದಿಲ್ಲವೆಂದು ಪೌಲ ಹಟ ಹಿಡಿದ; ಆ ಜಗಳದಲ್ಲಿ ಅವನೂ ಬಾರ್ನಬನೂ ಬೇರೆಯಾದರು. ಅದೇ ಪೌಲನ ಹೆಸರಿನ ಕೊನೆಯ ಪತ್ರದಲ್ಲಿ, ಸೆರೆಮನೆಯಿಂದ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕು ಎಂಬರ್ಥದ ಮಾತಿದೆ. ನಡುವೆ ಅವನು ಮಾಡಿದ ಒಂದು ಕೆಲಸ ಮಾತ್ರ ನನಗೆ ಗೊತ್ತು: ಬಾರ್ನಬನ ಜೊತೆ ಕುಪ್ರ ದ್ವೀಪಕ್ಕೆ ಮತ್ತೆ ಹಡಗು ಹತ್ತಿದ. ನಾನು ಮತ್ತೆ ಹತ್ತಲಿಲ್ಲ. ಹಂಚಿನ ವ್ಯಾಪಾರದ ಲೆಕ್ಕ ಬರೆಯುತ್ತ ಮೂವತ್ತೈದು ವರ್ಷ ಕಳೆದೆ. ಆ ಹನ್ನೆರಡು ಮಕ್ಕಳಿಗೆ ಒಂದು ಕಾರ್ಡು ಹಾಕಲಿಲ್ಲ. ವಿಳಾಸ ಗೊತ್ತಿತ್ತು. ಒಡಿಯಾದಲ್ಲಿ ಬರೆಯಲೂ ಬರುತ್ತಿತ್ತು.

ಬುದ್ಧಿ ಹೇಳು ಎಂದು ಕೇಳಿದ್ದೀಯೆ. ನನ್ನಂಥವನು ಏನು ಹೇಳಲಿ? ವಾಪಸು ಬರುವ ರೈಲಿನ ಖರ್ಚನ್ನು ಬೇರೆಯಾಗಿ ಇಟ್ಟುಕೋ, ಅದು ನಂಬಿಕೆ ಕಡಿಮೆ ಎಂದಾಗುವುದಿಲ್ಲ. ಹಣವಿದ್ದೂ ಹೋಗದೆ ಉಳಿದರೆ, ಉಳಿದದ್ದು ನೀನೇ ಎಂದು ಗೊತ್ತಾಗುತ್ತದೆ. ಅಲ್ಲಿಯ ಸಂತಾಲಿ ಭಾಷೆಯನ್ನು ಪುಸ್ತಕ ಹಿಡಿದು ಕಲಿಯುವುದಕ್ಕಿಂತ ಅಡಿಗೆಯವರ ಹತ್ತಿರ ಕಲಿತರೆ ಬೇಗ ಬರುತ್ತದೆಯೇನೋ. ಸೊಳ್ಳೆಪರದೆ ಎರಡು ಒಯ್ಯಿ, ನರ್ಸಿಗೆ ಇದನ್ನು ಹೇಳುವುದು ತಮಾಷೆಯೇ ಸರಿ. ಎಷ್ಟು ದಿನ ಇರುತ್ತೀ ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನು. ತಿಂಗಳಿಗೊಮ್ಮೆ ಒಬ್ಬರಿಗಾದರೂ ಇದ್ದದ್ದನ್ನು ಇದ್ದ ಹಾಗೆ ಬರೆ, ನನಗೇ ಬರೆದರೂ ಆದೀತು. ಒಂದು ದಿನ ತಡೆಯಲಾಗದಿದ್ದರೆ, ತಡೆಯಲಾಗಲಿಲ್ಲ ಎಂದೇ ಹೇಳಿ ಬಾ. ಹಗಲು ಹೊತ್ತಿನ ಬಸ್ಸಿಗೆ ಬಾ, ಎಲ್ಲರಿಗೂ ಹೇಳಿ. ಸಭೆಯಲ್ಲಿ ನನ್ನ ಪಕ್ಕದ ಜಾಗ ಹೇಗೂ ಖಾಲಿಯಿರುತ್ತದೆ, ಕಂಬದ ಹಿಂದೆ.

ಇನ್ನೊಂದು ವಿಷಯ. ನಿನ್ನ ಬೀಳ್ಕೊಡುಗೆಯ ಆರಾಧನೆಯಲ್ಲಿ ಸತ್ಯವೇದದ ಪಾಠ ಓದಲು ಅಯ್ಯನವರು ನನಗೆ ಹೇಳಿದ್ದಾರೆ. ಅವರು ಆರಿಸಿರುವುದು ಲೂಕನ ಒಂಬತ್ತನೆಯ ಅಧ್ಯಾಯ, ಆ ನೇಗಿಲಿನದ್ದೇ. ಬೇರೆ ಯಾವುದಾದರೂ ಇಡಿ ಎಂದು ನೀನೇ ಫೋನು ಮಾಡಿ ಹೇಳು. ನಾನು ಹೇಳಿದರೆ ಯಾಕೆ ಎಂದು ಕೇಳುತ್ತಾರೆ.

ಇಂತಿ,
ನಿನ್ನ ದೊಡ್ಡಪ್ಪ