ಕೆಲಸ ಹೋದ ವಾರವೇ ಮನೆಯೂ ಹೋಗಬೇಕೇ?

ಮಾನ್ಯ ಸಂಪಾದಕರೇ,

ನಾನು ಕುಡಿತ ಬಿಟ್ಟು ಏಳು ತಿಂಗಳಾಯಿತು. ಐದನೇ ತಿಂಗಳಲ್ಲಿ ಕೆಲಸ ಹೋಯಿತು. ಇದ್ದ ಮನೆ ಕಂಪನಿಯದ್ದು, ಹಾಗಾಗಿ ಅದೂ ಹೋಯಿತು. ಕೆಲಸದಿಂದ ತೆಗೆದ ಪತ್ರದಲ್ಲೇ ಕೊನೆಯ ಸಾಲು: ಒಂದು ವಾರದೊಳಗೆ ಕ್ವಾರ್ಟರ್ಸ್ ಖಾಲಿ ಮಾಡಿ ಬೀಗದ ಕೈ ಒಪ್ಪಿಸಬೇಕು. ಕಂಪನಿಯ ಹೆಸರು ಬರೆಯುವುದಿಲ್ಲ, ನನಗೆ ಜಗಳ ಬೇಕಿಲ್ಲ. ಆದರೆ ಈ ಎರಡು ಪೆಟ್ಟು ಒಟ್ಟಿಗೆ ಬೀಳಬಾರದು ಅನ್ನುವುದನ್ನು ಹೇಳಲೇಬೇಕು.

ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಕುಡಿಯುತ್ತಿದ್ದಾಗ ಹೇಳದೆ ಕೇಳದೆ ಕೆಲಸ ತಪ್ಪಿಸಿದ್ದೇನೆ, ಶಿಫ್ಟಿಗೆ ತಡವಾಗಿ ಹೋಗಿದ್ದೇನೆ, ನನ್ನ ಪಾಲಿನದ್ದನ್ನು ಜೊತೆಯವರು ಮಾಡಿದ್ದಾರೆ. ಆಗ ತೆಗೆದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಆದರೆ ಆಗ ಜ್ವರ, ಹೊಟ್ಟೆನೋವು ಅಂತ ಸುಳ್ಳು ಹೇಳಿದಾಗಲೆಲ್ಲ ರಜೆ ಸಿಕ್ಕಿತು. ಚಿಕಿತ್ಸೆಗೆ ಒಂದು ತಿಂಗಳು ಆಸ್ಪತ್ರೆಗೆ ಸೇರಬೇಕು ಅಂತ ನಿಜ ಹೇಳಿ ಡಾಕ್ಟರ್ ಚೀಟಿ ಕೊಟ್ಟೆ ನೋಡಿ, ಅದು ಫೈಲಿಗೆ ಸೇರಿತು. ವಾಪಸ್ ಬಂದು ಒಂದು ದಿನವೂ ತಪ್ಪಿಸದೆ ದುಡಿದೆ. ಜನ ಕಡಿಮೆ ಮಾಡುವ ಹೊತ್ತು ಬಂದಾಗ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ. ಯಾಕೆ ಅಂತ ಕೇಳಿದರೆ, "ನಿಮ್ಮ ರೆಕಾರ್ಡ್ ನೀವೇ ನೋಡಿಕೊಳ್ಳಿ" ಅಂದರು ಮ್ಯಾನೇಜರ್.

ಇದನ್ನು ನೋಡಿದ ಇನ್ನೊಬ್ಬ ಕುಡುಕ ಚಿಕಿತ್ಸೆ ಕೇಳಿಕೊಂಡು ಹೋಗುತ್ತಾನಾ? ಮುಚ್ಚಿಡುತ್ತಾನೆ. ಮುಚ್ಚಿಟ್ಟುಕೊಂಡೇ ಯಂತ್ರದ ಮುಂದೆ ನಿಲ್ಲುತ್ತಾನೆ. ಇಲ್ಲವೇ ಯಾರಿಗೂ ಹೇಳದೆ ಮನೆಯಲ್ಲೇ ಒಮ್ಮೆಗೇ ಬಿಡಲು ನೋಡುತ್ತಾನೆ, ಅದು ಇನ್ನೂ ಅಪಾಯ. ವರ್ಷಗಟ್ಟಲೆ ಜಾಸ್ತಿ ಕುಡಿದವರು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು, ಎರಡು ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಮೈಯೆಲ್ಲ ನಡುಗಿ ಇಲ್ಲದ್ದೆಲ್ಲ ಕಾಣಿಸತೊಡಗುತ್ತದೆ, ಜೀವ ಹೋಗುವುದೂ ಉಂಟು. ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು ಅನ್ನುವುದು ಅದಕ್ಕೇ.

ಮನೆ ಅಂದರೆ ಸುಮ್ನೆ ಒಂದು ಸೂರಲ್ಲ. ನನಗೆ ಡೈಸಲ್ಫಿರಾಮ್ ಮಾತ್ರೆ ಬರೆದಿದ್ದರು. ಅದನ್ನು ತೆಗೆದುಕೊಳ್ಳುವಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಆ ಹೆದರಿಕೆಯೇ ಕಾವಲು. ಆದರೆ ದಿನಾ ಯಾರಾದರೂ ಎದುರು ನಿಂತು ನುಂಗಿಸಬೇಕು, ಇಲ್ಲದಿದ್ದರೆ ಮನಸ್ಸು ಮೊದಲು ಬಿಡಿಸುವುದು ಆ ಮಾತ್ರೆಯನ್ನೇ. ನನಗೆ ನುಂಗಿಸುತ್ತಿದ್ದವಳು ಹೆಂಡತಿ. ಮನೆ ಹೋದ ಮೇಲೆ ಅವಳು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು, ಬೇರೆ ದಾರಿ ಇರಲಿಲ್ಲ. ಅಷ್ಟು ಬೇಗ ನನಗೆ ಸಿಕ್ಕಿದ್ದು ಹಳೆಯ ಗೆಳೆಯನ ರೂಮು. ಕುಡಿಯುವ ಕಾಲದ ಗೆಳೆಯ. ಕೆಟ್ಟವನಲ್ಲ, ಕರೆದು ಜಾಗ ಕೊಟ್ಟ. ಆದರೆ ಸಂಜೆಯಾದರೆ ಅಲ್ಲಿ ಬಾಟಲಿ ತೆರೆಯುತ್ತಾರೆ. ಅವರು ಮಲಗುವ ತನಕ ನಾನು ರಸ್ತೆಯಲ್ಲಿ ನಡೆಯುತ್ತಿದ್ದೆ. ಎರಡು ವಾರ ಹಾಗೇ ಕಳೆದೆ. ಆ ಎರಡು ವಾರ ಹೇಗೆ ದಾಟಿದೆನೋ ನನಗೇ ಗೊತ್ತಿಲ್ಲ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಒಟ್ಟಿಗೆ ಸೇರುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಗುಂಪಿನ ವಾರದ ಮೀಟಿಂಗಿನಲ್ಲಿ ಪರಿಚಯವಾದ ಹಿರಿಯರೊಬ್ಬರು ರಾತ್ರಿ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಎತ್ತುತ್ತಿದ್ದರು.

ನಾನು ಕೇಳುತ್ತಿರುವುದು ಹೊಸದೇನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1961ರಲ್ಲೇ ಕಾರ್ಮಿಕರ ವಸತಿ ಬಗ್ಗೆ ಶಿಫಾರಸು ಮಾಡಿದೆ. ಕಾಯಿಲೆಯಿಂದ ಕೆಲಸ ನಿಂತವರಿಗೆ ಬೇರೆ ಮನೆ ಸಿಗುವಷ್ಟು ಕಾಲ ಅದೇ ಮನೆಯಲ್ಲಿರಲು ಬಿಡಬೇಕು ಅನ್ನುತ್ತದೆ ಅದು. 1996ರಲ್ಲಿ ಅದೇ ಸಂಸ್ಥೆ ಕೆಲಸದ ಜಾಗದ ಮದ್ಯ, ಮಾದಕ ವಸ್ತು ಸಮಸ್ಯೆ ಬಗ್ಗೆ ನೀತಿ ಸಂಹಿತೆ ತಂದು, ಇದನ್ನು ಆರೋಗ್ಯದ ಸಮಸ್ಯೆಯಾಗಿ ನೋಡಿ ಅಂದಿತು. ಇವು ಕಾನೂನಲ್ಲ, ನಿಜ. ಪಾಲಿಸಬಾರದು ಅಂತಲೂ ಇಲ್ಲ ಅಲ್ವಾ?

ನನಗೆ ಆ ಮನೆ ವಾಪಸ್ ಬೇಡ. ಕೆಲಸ ಹುಡುಕುತ್ತಿದ್ದೇನೆ, ಸಿಕ್ಕ ಮೇಲೆ ಮಕ್ಕಳನ್ನು ಕರೆತರುತ್ತೇನೆ. ಸಿಬ್ಬಂದಿಗೆ ಮನೆ ಕೊಟ್ಟಿರುವ ಮಾಲೀಕರಲ್ಲಿ ಒಂದೇ ಕೋರಿಕೆ: ಚಿಕಿತ್ಸೆಯಲ್ಲಿ ಇರುವವರನ್ನು ಕೆಲಸದಿಂದ ತೆಗೆಯಲೇಬೇಕಾದರೆ ತೆಗೆಯಿರಿ, ಮನೆಗೆ ಮಾತ್ರ ಮೂರು ತಿಂಗಳು ಕೊಡಿ. ಬಾಡಿಗೆ ಬೇಕಾದರೆ ಕೊನೆಯ ಲೆಕ್ಕದಲ್ಲಿ ಹಿಡಿದುಕೊಳ್ಳಿ.

ಇತಿ,
ಹೆಸರು ಪ್ರಕಟಿಸಬಾರದೆಂದು ಕೋರುವ ಓದುಗ