ಸೀನನಿಗೊಂದು ಪತ್ರ: ಕತ್ತು ನೋವು ಮತ್ತು ಓಲಾಟ

ಪ್ರಿಯ ಸೀನ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಕತ್ತು ನೋವಿನ ಕಥೆ ಹಳೇದು, ಮೆಟ್ಟಿಲಿಳಿಯುವಾಗ ಓಲಾಡಿದ ಹಾಗಾಗುತ್ತೆ ಅಂದದ್ದು ಹೊಸದು. ಎರಡಕ್ಕೂ ನಂಟಿರಬಹುದು ಕಣೋ. ತಲೆಬುರುಡೆಯ ಬುಡದಲ್ಲಿ, ಕತ್ತಿನ ಹಿಂದೆ ಪುಟ್ಟ ಸ್ನಾಯುಗಳಿವೆ. ತಲೆ ಎತ್ತ, ಎಷ್ಟು ತಿರುಗಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವುದರಲ್ಲಿ ಅವುಗಳ ಪಾಲು ದೊಡ್ಡದು. ಆ ಸುದ್ದಿಗೂ ಕಣ್ಣು, ಒಳಕಿವಿ ಹೇಳೋದಕ್ಕೂ ತಾಳೆಯಾಗದಿದ್ದರೆ ಕಾಲ ಕೆಳಗಿನ ನೆಲದ ಮೇಲೇ ನಂಬಿಕೆ ಹೋಗುತ್ತೆ.

ಕ್ಲಿನಿಕ್ಕಿನಲ್ಲಿ ನಾವು ಇದನ್ನು ಪರೀಕ್ಷಿಸಿ ನೋಡೋದು ಹೀಗೆ. ಹಣೆಪಟ್ಟಿಗೆ ಸಣ್ಣ ಲೇಸರ್ ಕಟ್ಟಿ, ಗೋಡೆಯಿಂದ 90 ಸೆಂ.ಮೀ. ದೂರ ಕೂರಿಸಿ, ಕೆಂಪು ಚುಕ್ಕೆ ಬಿದ್ದಲ್ಲಿ ಗುರುತು ಹಾಕ್ತೇವೆ. ಕಣ್ಣು ಮುಚ್ಚಿ ತಲೆಯನ್ನು ಪೂರಾ ಬಲಕ್ಕೆ ತಿರುಗಿಸಿ ಮತ್ತೆ ನೇರಕ್ಕೆ ತರಬೇಕು. 'ಬಂತು ಸರ್, ನೆಟ್ಟಗಿದೆ' ಅಂತಾರೆ. ಚುಕ್ಕೆ ನೋಡಿದರೆ ನಾಲ್ಕು ಬೆರಳು ಆಚೆ! ಹೀಗೆ ಹಲವು ಸಲ ಮಾಡಿಸಿದಾಗ ಸರಾಸರಿ ತಪ್ಪು 4.5 ಡಿಗ್ರಿ, ಅಂದರೆ ಗೋಡೆ ಮೇಲೆ ಸುಮಾರು 7 ಸೆಂ.ಮೀ. ದಾಟಿದರೆ ಕತ್ತಿನ ಮೇಲೆ ಅನುಮಾನ.

ಇದಕ್ಕೆ ಕೊಡೋ ಕೈಚಿಕಿತ್ಸೆ ಅಂದರೆ ತಿಕ್ಕೋದಲ್ಲ. ನ್ಯೂಜಿಲೆಂಡಿನ ಬ್ರಯಾನ್ ಮಲ್ಲಿಗನ್ ರೂಪಿಸಿದ ವಿಧಾನದಲ್ಲಿ ನೀನೇ ಕತ್ತು ತಿರುಗಿಸ್ತೀಯ, ನಾನು ಹೆಬ್ಬೆರಳಲ್ಲಿ ಕತ್ತಿನ ಮೂಳೆಯ ಮಣಿಯನ್ನು ಮೆಲ್ಲಗೆ ಒತ್ತಿ ಜಾರಿಸ್ತೀನಿ. ಆಗ ನೋವಾಗಲೇಬಾರದು, ನೋವಾದರೆ ಒತ್ತಿದ ಜಾಗ ತಪ್ಪಿದೆ ಅಂತಲೇ ಲೆಕ್ಕ. ನೋವು, ತಲೆಸುತ್ತು ಇದರಿಂದ ಇಳಿಯೋದುಂಟು. ಸಮತೋಲನದ ಮಟ್ಟಿಗೆ ಅಷ್ಟು ಭರವಸೆ ಕೊಡಲಾರೆ. ಅದಕ್ಕೆ ಅಭ್ಯಾಸ ಬೇಕು: ಅದೇ ಲೇಸರ್ ಚುಕ್ಕೆಯನ್ನು ಗುರಿಗೆ ತರೋದು, ನೋಟ ಒಂದೆಡೆ ನೆಟ್ಟು ತಲೆ ಆಡಿಸೋದು, ಗೋಡೆ ಪಕ್ಕ ಹೆಜ್ಜೆ ಮುಂದೆ ಹೆಜ್ಜೆ ಇಟ್ಟು ನಿಲ್ಲೋದು. ಬೇಜಾರಿನ ಕೆಲಸ, ನಿನ್ನಂಥ ಸೋಮಾರಿಗೆ ಇನ್ನೂ ಬೇಜಾರು.

ಹಾಸಿಗೆಯಲ್ಲಿ ಮಗ್ಗುಲಾದಾಗ ಕೋಣೆ ಗಿರ್ರನೆ ಸುತ್ತುತ್ತಾ? ಹಾಗಿದ್ದರೆ ಸಮತೋಲನಕ್ಕೆ ನೆರವಾಗೋ ಒಳಕಿವಿಯ ಪುಟ್ಟ ಹರಳು ಜಾಗ ಬಿಟ್ಟು ಜಾರಿರಬಹುದು, ಅದರ ಚಿಕಿತ್ಸೆಯ ದಾರಿಯೇ ಬೇರೆ.

ಒಂದು ಮಾತ್ರ ನಡೆಸಿಕೊಡು: ಸಲೂನಿನಲ್ಲಿ ಕತ್ತಿನ ನೆಟಿಕೆ ತೆಗೆಸೋದು ಬಿಡು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹಾಗೆ ಕತ್ತು ತಿರುಚಿದ ಮೇಲೆ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಸುದ್ದಿ ಪೇಪರಲ್ಲಿ ಬಂದಿತ್ತು. ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಮುಖ ಜೋಮು ಹಿಡಿದರೆ ನನಗೆ ಫೋನ್ ಮಾಡ್ತಾ ಕೂರಬೇಡ, ಸೀದಾ ಆಸ್ಪತ್ರೆಗೆ ಹೋಗು.

ಭಾನುವಾರ ಬಾ. ಬಿ.ಪಿ. ಮಾತ್ರೆಯ ಚೀಟಿಯೂ ಇರಲಿ, ಓಲಾಟಕ್ಕೆ ಅದೂ ಕಾರಣ ಆಗಬಹುದು. ಬೈಕ್ ಬೇಡ, ಬಸ್ಸಿಗೇ ಬಾ.

ನಿನ್ನ,
ಗಿರಿ