ತುಘಲಕ್ ಆಡಿಸುತ್ತಿರುವ ಮಗಳಿಗೆ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಸ್ವಾತಂತ್ರ್ಯ ಬಂದ ಮೇಲೆ ದೇಶಕ್ಕೆ ಏನಾಯಿತು ಅನ್ನುವುದರ ಮೇಲೆ ಒಂದು ನಾಟಕ ಬೇಕು ಅಂತ ಹುಡುಕಿ, ನಿಮ್ಮ ವಿಶ್ವವಿದ್ಯಾಲಯದ ತಂಡ ಕೊನೆಗೆ ಗಿರೀಶ ಕಾರ್ನಾಡರ ‘ತುಘಲಕ್’ಗೆ ಬಂದು ನಿಂತಿದ್ದು ಖುಷಿಯಾಯಿತು. ಆದರೆ ನೀನು ಕಳಿಸಿದ ರಂಗಪ್ರತಿಯಲ್ಲಿ ಆ ಇಬ್ಬರು ಮೋಸಗಾರರು, ಅಜೀಜ್ ಮತ್ತು ಆಜಮ್, ಬರುವ ಭಾಗಗಳಿಗೇ ಹೆಚ್ಚು ಕತ್ತರಿ ಬಿದ್ದಿದೆ. ಒಂದೂವರೆ ಗಂಟೆಗೆ ಇಳಿಸಬೇಕು ಅನ್ನುವ ಕಷ್ಟ ಗೊತ್ತು. ಆದರೂ ಅವನ್ನು ವಾಪಸ್ ಹಾಕು. ಅವರಿಬ್ಬರೂ ಹೋದರೆ ಉಳಿಯುವುದು ಒಬ್ಬ ಸುಲ್ತಾನನ ಹುಚ್ಚಾಟ ಮಾತ್ರ, ನೀವು ಹೇಳಬೇಕೆಂದಿರುವ ಮಾತು ಉಳಿಯುವುದಿಲ್ಲ.

ನಾಟಕ ಹೊರಬಂದದ್ದು 1964ರಲ್ಲಿ, ನೆಹರೂ ತೀರಿಕೊಂಡ ವರ್ಷ. ದೆಹಲಿಯ ಗದ್ದುಗೆ ಏರಿದವರಲ್ಲೆಲ್ಲ ದೊಡ್ಡ ಆದರ್ಶವಾದಿ, ದೊಡ್ಡ ಬುದ್ಧಿವಂತ ಇಪ್ಪತ್ತೇ ವರ್ಷದಲ್ಲಿ ನುಚ್ಚುನೂರಾದ ಕಥೆಗೂ, ಅರವತ್ತರ ದಶಕದ ಆರಂಭದ ಭಾರತಕ್ಕೂ ಹೋಲಿಕೆ ಕಂಡಿತು ಅಂತ ಕಾರ್ನಾಡರೇ ಹೇಳಿದ್ದಾರೆ. ಆ ಹೋಲಿಕೆ ಇರುವುದು ಸುಲ್ತಾನನ ಭಾಷಣಗಳಲ್ಲಿ ಅಲ್ಲ, ಅವನ ಒಳ್ಳೆಯ ಕಾನೂನು ಬೀದಿಗೆ ಇಳಿದಾಗ ಏನಾಗುತ್ತದೆ ಅನ್ನುವುದರಲ್ಲಿ. ಪ್ರಜೆಯೊಬ್ಬ ಸುಲ್ತಾನನ ಮೇಲೇ ದಾವೆ ಹೂಡಬಹುದು ಅನ್ನುವುದು ಎಷ್ಟು ಉದಾತ್ತ ನ್ಯಾಯ! ಮೊದಲ ದೃಶ್ಯದಲ್ಲಿ ಅದರ ಲಾಭ ಪಡೆಯುವವನು ಬ್ರಾಹ್ಮಣನ ವೇಷ ಹಾಕಿದ ಅಗಸ ಅಜೀಜ್. ಏಳನೆಯ ದೃಶ್ಯದಲ್ಲಿ, ದೆಹಲಿಯಿಂದ ದೌಲತಾಬಾದಿಗೆ ಹೋಗುವ ದಾರಿಯ ಬಿಡಾರದಲ್ಲಿ, ಅದೇ ಅಜೀಜ್ ಅಧಿಕಾರಿಯಾಗಿ ಕೂತು, ಕಾಯಿಲೆ ಮಗುವನ್ನು ಹಕೀಮನ ಹತ್ತಿರ ಒಯ್ಯಬೇಕೆನ್ನುವ ತಾಯಿಯ ಹತ್ತಿರ ಲಂಚ ಕೇಳುತ್ತಾನೆ. ಈ ದೃಶ್ಯದಲ್ಲಿ ಒಂದು ಸಾಲೂ ಕತ್ತರಿಸಬೇಡ.

ಸಮಯ ಉಳಿಸಬೇಕಾದರೆ ಮಾತು ಕತ್ತರಿಸುವ ಮೊದಲು ದೃಶ್ಯ ಬದಲಾವಣೆ ನೋಡು. ಹದಿಮೂರು ದೃಶ್ಯ ಅಂದರೆ ಹನ್ನೆರಡು ಬದಲಾವಣೆ. ಒಂದೊಂದಕ್ಕೆ ನಲವತ್ತು ಸೆಕೆಂಡು ಕತ್ತಲೆ ಮಾಡಿದರೂ ಎಂಟು ನಿಮಿಷ ಹೋಯಿತು. ಜತೆಗೆ ಪ್ರತಿ ಕತ್ತಲೆಯಲ್ಲೂ ಪ್ರೇಕ್ಷಕರ ಫೋನು ಬೆಳಗುತ್ತದೆ. ಇದಕ್ಕೆ ಉಪಾಯ ನಾಟಕದ ರಚನೆಯಲ್ಲೇ ಇದೆ. ಕಂಪನಿ ನಾಟಕಗಳಲ್ಲಿ ಮುಂದೆ ರಸ್ತೆಯ ಚಿತ್ರವಿರುವ ಪರದೆ ಬಿಟ್ಟು ಹಾಸ್ಯದವರನ್ನು ಆಡಲು ಬಿಡುತ್ತಿದ್ದರು, ಅಷ್ಟರಲ್ಲಿ ಹಿಂದೆ ದರ್ಬಾರು ಸಜ್ಜಾಗುತ್ತಿತ್ತು. ಕಾರ್ನಾಡರು ಆ ಪದ್ಧತಿಯನ್ನೇ ಎತ್ತಿಕೊಂಡರು. ನಿಮ್ಮ ರಂಗದ ಆಳ 24 ಅಡಿ ಇದ್ದರೆ ಮುಂದಿನ 6 ಅಡಿಯನ್ನು ಅಜೀಜ್–ಆಜಮ್‌ಗೆ ಬಿಟ್ಟುಕೊಡು. ನಡುವೆ ಎಳೆಯುವ ಪರದೆ ಸಾಕು, ಅದರ ಕಪ್ಪಿ ಸದ್ದು ಮಾಡದಂತೆ ಎಣ್ಣೆ ಹಾಕಿಸು. ಮುಂದಿನ ಪಟ್ಟಿಯ ದೀಪಗಳಿಗೂ ಹಿಂದಿನ ಭಾಗದ ದೀಪಗಳಿಗೂ ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಬೇರೆ ಬೇರೆ ಇರಲಿ. ಸಾಮಾನ್ಯವಾಗಿ ಎಡವುವುದು ಇಲ್ಲೇ: ಮುಂದಿನ ದೀಪ ತೀರ ನೇರವಾಗಿ ಬಿದ್ದು ಪರದೆಯನ್ನೂ ಬೆಳಗಿಸುತ್ತದೆ, ನಟರ ನೆರಳು ಅದರ ಮೇಲೆ ದೈತ್ಯಾಕಾರವಾಗಿ ಕುಣಿಯುತ್ತದೆ. ದೀಪವನ್ನು ಎತ್ತರಕ್ಕೆ, ಪಕ್ಕದಿಂದ, 45 ಡಿಗ್ರಿಯಷ್ಟು ಓರೆಗೆ ಕಟ್ಟಿಸು. ಅಗ್ಗದ ಎಲ್‌ಇಡಿ ಪಾರ್ ದೀಪಗಳು ನಿಧಾನವಾಗಿ ಆರುವುದಿಲ್ಲ, ಕೊನೆಗೆ ಬಂದು ಪಟ್ಟನೆ ಹಾರಿಹೋಗುತ್ತವೆ. ಬಾಡಿಗೆಗೆ ತರುವ ಮುಂಚೆ ಅಲ್ಲೇ ಆರಿಸಿ ನೋಡು.

ಮುಂದಿನ ಪಟ್ಟಿಗೂ ಹಿಂದಿನ ಭಾಗಕ್ಕೂ ನಡುವಿನ ಈ ಗೆರೆಯನ್ನು ಕಟ್ಟುನಿಟ್ಟಾಗಿ ಕಾಪಾಡಿದರೆ ಹದಿಮೂರನೆಯ ದೃಶ್ಯದಲ್ಲಿ ಫಲ ಸಿಗುತ್ತದೆ. ಅಷ್ಟು ಹೊತ್ತೂ ಮುಂದಿನ ಪಟ್ಟಿಯಲ್ಲೇ ಇದ್ದ ಅಜೀಜ್ ಆಗ ಅರಮನೆಯೊಳಗೆ ಸುಲ್ತಾನನ ಎದುರು ನಿಂತು, ನಾನೇ ನಿಮ್ಮ ನಿಜವಾದ ಶಿಷ್ಯ ಅನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ಸುಲ್ತಾನ ಅವನನ್ನು ಕೊಲ್ಲಿಸುವುದಿಲ್ಲ, ಅಧಿಕಾರ ಕೊಟ್ಟು ದಖ್ಖನಿಗೆ ಕಳಿಸುತ್ತಾನೆ. ಪ್ರೇಕ್ಷಕನ ಕಣ್ಣಿಗೆ ಆ ಗೆರೆ ದಾಟಿದ್ದು ಕಾಣಬೇಕು. ನನ್ನ ಮಟ್ಟಿಗೆ ಇಡೀ ನಾಟಕದ ಬಹು ದೊಡ್ಡ ಚಲನೆ ಅದು. ಮೊದಲ ದೃಶ್ಯದಲ್ಲಿ ನ್ಯಾಯಾಲಯದ ಅಂಗಳವನ್ನೂ ಮುಂದಿನ ಪಟ್ಟಿಗೇ ತಂದುಬಿಡು, ಇಲ್ಲವಾದರೆ ಅವನು ಮೊದಲೇ ಒಳಗೆ ಹೋಗಿಬಿಟ್ಟಂತಾಗುತ್ತದೆ.

ಪಾತ್ರ ಹಂಚುವಾಗ ಮರೆಯಬೇಡ: ಸುಲ್ತಾನನನ್ನು ಖಂಡಿಸುವ ಧರ್ಮಗುರು ಶೇಖ್ ಇಮಾಮುದ್ದೀನನಿಗೂ ಸುಲ್ತಾನನಿಗೂ ಹೋಲಿಕೆ ಇರಬೇಕು. ಶೇಖನನ್ನು ತನ್ನ ಉಡುಪಿನಲ್ಲಿ ಕಳಿಸಿ ಸಾಯಿಸುವ ಸುಲ್ತಾನನ ತಂತ್ರ ನಿಂತಿರುವುದೇ ಆ ಹೋಲಿಕೆಯ ಮೇಲೆ. ಮುಖಕ್ಕಿಂತ ಎತ್ತರ, ಭುಜ, ನಡಿಗೆ ಹೊಂದಿದರೆ ಸಾಕು. ಸುಲ್ತಾನನ ಪಾತ್ರಧಾರಿ ಮೊದಲ ದೃಶ್ಯದಿಂದಲೇ ಗರ್ಜಿಸಿದರೆ ಆರನೆಯ ದೃಶ್ಯದ ಹೊತ್ತಿಗೆ ಗಂಟಲೂ ಖಾಲಿ, ಪಾತ್ರವೂ ಖಾಲಿ. ಮೊದಮೊದಲು ಜನ ಅವನನ್ನು ನಂಬಬೇಕು, ಪ್ರೀತಿಸಬೇಕು. ಮೆಲ್ಲಗೆ, ಆಸೆಯಿಂದ ಮಾತಾಡಲಿ.

ಪ್ರಾರ್ಥನೆಯ ವೇಳೆ ಕಠಾರಿ ಹೊರಬರುವ ದೃಶ್ಯವನ್ನು ನಮಾಜು ಬಲ್ಲವರಿಂದಲೇ ಕಲಿಯಿರಿ, ಸಾಲು ನಿಲ್ಲುವುದು, ಬಾಗುವುದು, ಕೂರುವುದು ಎಲ್ಲವನ್ನೂ. ನಮಾಜಿಗೆ ಮುಖ ಮಾಡುವ ದಿಕ್ಕನ್ನು, ಅಂದರೆ ಕಿಬ್ಲಾವನ್ನು, ಒಂದು ಪಕ್ಕದ ವಿಂಗ್ ಕಡೆಗೆ ಇಟ್ಟುಕೊಂಡರೆ ಮುಖಗಳೂ ಕಾಣುತ್ತವೆ, ಬಟ್ಟೆಯೊಳಗೆ ಜಾರುವ ಕೈಯೂ ಕಾಣುತ್ತದೆ. ಕಠಾರಿ ರಬ್ಬರಿನದ್ದೇ ಇರಲಿ, ಮೊಂಡು ಮಾಡಿದ ಲೋಹದ್ದೂ ಬೇಡ. ಸುಲ್ತಾನನ ವಿರುದ್ಧ ಸಂಚು ಹೂಡಿದ ಶಿಹಾಬುದ್ದೀನನಿಗೆ ಬೀಳುವ ಇರಿತಗಳ ಎಣಿಕೆ ನಿಗದಿಯಾಗಲಿ. ಇರಿಯುವ ಕೈ ಅವನ ದೇಹದ ಆಚೆ ಬದಿಯ ನೆಲಕ್ಕೆ ಇಳಿಯಲಿ, ಪ್ರೇಕ್ಷಕರ ಕಣ್ಣಿಗೆ ದೇಹವೇ ಅಡ್ಡವಾಗುತ್ತದೆ. ಪ್ರದರ್ಶನದ ದಿನವೂ, ಬಣ್ಣ ಹಚ್ಚುವ ಮೊದಲು, ಈ ಭಾಗವನ್ನು ಒಮ್ಮೆ ಅರ್ಧ ವೇಗದಲ್ಲಿ ಮಾಡಿಸು.

ಸುಲ್ತಾನನ ತಾಮ್ರದ ನಾಣ್ಯವನ್ನು ಜನ ನಕಲು ಮಾಡಿದ ಖೋಟಾ ನಾಣ್ಯದ ರಾಶಿಗೆ ಗೋಣಿಚೀಲದಲ್ಲಿ ಭತ್ತದ ಹೊಟ್ಟು ತುಂಬಿ, ಮೇಲೆ ನಾಲ್ಕೈದು ಕಿಲೋ ಕಬ್ಬಿಣದ ವಾಷರ್‌ಗಳಿಗೆ ತಾಮ್ರದ ಬಣ್ಣ ಹೊಡೆದು ಹರಡಿದರೆ ಸಾಕು. ಹಿಂದಿನ ಸಾಲಿಗೆ ನಾಣ್ಯ ಕಾಣುವುದಿಲ್ಲ, ಸದ್ದು ಕೇಳುತ್ತದೆ. ಪ್ಲಾಸ್ಟಿಕ್ ನಾಣ್ಯ ಸುರಿದರೆ ಕಡಲೆ ಬಿದ್ದಂತೆ ಕೇಳಿಸುತ್ತದೆ.

ನೆಹರೂ ಥರ ಸುಲ್ತಾನನ ಎದೆಗೆ ಗುಲಾಬಿ ಸಿಕ್ಕಿಸುವ ಯೋಚನೆ ಬಿಟ್ಟುಬಿಡು. ಗುಲಾಬಿ ತೋಟ ನಾಟಕದಲ್ಲೇ ಇದೆ, ಆ ಖೋಟಾ ನಾಣ್ಯಗಳು ರಾಶಿ ಬೀಳುವುದೂ ಅಲ್ಲೇ. ಪ್ರೇಕ್ಷಕರು ತಾವೇ ಕಂಡುಕೊಳ್ಳುತ್ತಾರೆ. ಥರ್ಮೊಕೋಲ್ ಕೋಟೆಯೂ ಬೇಡ. ನಿರ್ದೇಶಕ ಅಲ್ಕಾಜಿಯವರು ಎಪ್ಪತ್ತರ ದಶಕದಲ್ಲಿ ದೆಹಲಿಯ ಪುರಾನಾ ಕಿಲಾದಲ್ಲಿ ಆಡಿಸಿದಾಗ ಅವರ ಹಿಂದೆ ನಿಜವಾದ ಕಲ್ಲಿನ ಗೋಡೆಗಳಿದ್ದವು. ಬೆಂಗಳೂರಿನಲ್ಲಿ ನಟ ಸಿ.ಆರ್. ಸಿಂಹ ಅವರ ತುಘಲಕ್‌ನನ್ನು ಜನ ಇವತ್ತಿಗೂ ನೆನೆಯುವುದು ಮಾತಿಗಾಗಿ, ಸೆಟ್ಟಿಗಾಗಿ ಅಲ್ಲ. ಎರಡು ಮೆಟ್ಟಿಲ ಒಂದು ಕಟ್ಟೆ, ಒಂದು ಸಿಂಹಾಸನ, ಚದುರಂಗದ ಹಾಸು, ಇಷ್ಟರಲ್ಲಿ ಮುಗಿಸು.

ಇನ್ನು ಅನುಮತಿ. ವಿದ್ಯಾರ್ಥಿಗಳು, ಅಧ್ಯಾಪಕರು ಸೇರಿ ಸಂಸ್ಥೆಯ ಚಟುವಟಿಕೆಯಾಗಿ ಆಡಿ, ನೋಡುವವರೂ ಸಂಸ್ಥೆಯವರು ಮತ್ತು ವಿದ್ಯಾರ್ಥಿಗಳ ತಂದೆತಾಯಿ, ಪೋಷಕರಷ್ಟೇ ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿನಾಯಿತಿ ಕೊಡುತ್ತದೆ. ಟಿಕೆಟ್ ಮಾರಿ ಊರವರನ್ನು ಕರೆದರೆ, ಇಲ್ಲವೇ ರೆಕಾರ್ಡು ಮಾಡಿ ಯೂಟ್ಯೂಬಿಗೆ ಹಾಕಿದರೆ ಆ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಕಾರ್ನಾಡರು ತೀರಿಕೊಂಡದ್ದು 2019ರಲ್ಲಿ, ಹಕ್ಕು ಇನ್ನೂ ಅವರ ವಾರಸುದಾರರದ್ದೇ. ನೀವು ಊರವರನ್ನೂ ಕರೆಯುವ ಯೋಚನೆಯಲ್ಲಿರುವುದರಿಂದ ಪುಸ್ತಕ ಪ್ರಕಟಿಸಿದ ಧಾರವಾಡದ ಮನೋಹರ ಗ್ರಂಥಮಾಲೆಯವರ ಮೂಲಕ ಕೇಳಿ. ಪ್ರದರ್ಶನದ ದಿನಾಂಕ, ಸ್ಥಳ, ಟಿಕೆಟ್ ದರ, ಕತ್ತರಿಸಿದ ಭಾಗಗಳು ನಾಲ್ಕನ್ನೂ ಪತ್ರದಲ್ಲಿ ಬರೆಯಿರಿ. ಪೋಸ್ಟರ್ ಅಚ್ಚಿಗೆ ಕೊಡುವುದು ಅವರ ಉತ್ತರ ಬಂದ ಮೇಲೆ.

ಇಂತಿ,
ನಿನ್ನ ಅಮ್ಮ